ಕೈ ಕಳಿಸಿದ್ದೇವೆ, ತಲುಪಿತೇ?

ಫಿಸಿಯೋಥೆರಪಿಯವರ ಲೆಕ್ಕದಲ್ಲಿ ‘ಇನ್ನೊಂದೇ ಒಂದು ಸಲ’ ಎಂದರೆ ಎಷ್ಟು ಸಲ ಎಂಬುದನ್ನು ಈವರೆಗೆ ಯಾವ ಗಣಿತಜ್ಞನೂ ಹೇಳಿಲ್ಲ. ಹತ್ತಕ್ಕೆ ನಿಲ್ಲಿಸುತ್ತೇನೆಂದು ಮಾತು ಕೊಟ್ಟು ಎಂಟರವರೆಗೆ ನೆಟ್ಟಗೆ ಎಣಿಸುತ್ತಾರೆ. ಎಂಟಾದ ಮೇಲೆ ಎಂಟೂವರೆ ಬರುತ್ತದೆ. ಆಮೇಲೆ ನಿಮ್ಮ ಮಗ ಎಲ್ಲಿ ಕೆಲಸದಲ್ಲಿದ್ದಾನೆ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಎಣಿಕೆ ಮತ್ತೆ ಏಳಕ್ಕೆ ಇಳಿದಿರುತ್ತದೆ. ಭುಜ ಹಿಡಿದುಕೊಂಡ ಮನುಷ್ಯ ಯಾರನ್ನು ಬೇಕಾದರೂ ನಂಬಬಹುದು, ಎಣಿಸುವವರನ್ನು ಮಾತ್ರ ನಂಬಬಾರದು.

ನನ್ನ ಎಡಭುಜ ಹಿಡಿದುಕೊಂಡದ್ದು ಯಾವ ಸಾಹಸದಿಂದಲೂ ಅಲ್ಲ. ಸಾಹಸವಾಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲಾದರೂ ಆಗುತ್ತಿತ್ತು. ಬನಿಯನ್ ಹಾಕಿಕೊಳ್ಳಲು ಕೈ ಎತ್ತಿದೆ, ಅರ್ಧಕ್ಕೆ ನಿಂತಿತು, ಅಷ್ಟೆ. ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು. ಶುಗರ್ ಇದೆಯಾ ಎಂದು ಕೇಳಿದರು. ಇದೆ ಎಂದಾಗ ‘ಮತ್ತೆ!’ ಎಂದು ಸಂತೋಷಪಟ್ಟರು. ತಾನಾಗಿ ಬಂದದ್ದು, ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋದರೂ ಹೋದೀತು, ಅಲ್ಲಿಯವರೆಗೆ ಫಿಸಿಯೋ ಮಾಡಿಸಿ ಎಂದು ಚೀಟಿ ಬರೆದರು.

ನಮ್ಮ ಜನ ಫಿಸಿಯೋಗೆ ಹೋಗುವುದನ್ನು ‘ಕರೆಂಟ್ ಕೊಡಿಸಿಕೊಳ್ಳೋದು’ ಎಂದೇ ಹೇಳುವುದು. ಕ್ಲಿನಿಕ್ಕಿನಲ್ಲಿ ಕರೆಂಟಿನ ಪೆಟ್ಟಿಗೆ ಇದೆ, ಬಿಸಿ ಮೇಣದ ತೊಟ್ಟಿ ಇದೆ, ಬೆರಳುಗಳು ಹತ್ತಲೆಂದು ಗೋಡೆಗೆ ಹೊಡೆದ ಪುಟ್ಟ ಮರದ ಏಣಿಯೂ ಇದೆ. ಆದರೆ ಅಸಲು ಕೆಲಸ ಶುರುವಾಗುವುದು ಪೆಟ್ಟಿಗೆ ಆರಿಸಿದ ಮೇಲೆ. ನಮ್ಮ ಫಿಸಿಯೋ ಮಾತಿನ ಮಲ್ಲಿ. ಕೈ ಮಾತ್ರ ಮೌನಿ. ಒಂದು ಅಂಗೈ ನನ್ನ ಹೆಗಲಿನ ಪಟ್ಟಿಮೂಳೆಯ ಮೇಲೆ ಊರಿ ಅದು ಕಳ್ಳತನ ಮಾಡದಂತೆ ಕಾಯುತ್ತದೆ; ಭುಜ ಏಳದಿದ್ದಾಗ ಪಟ್ಟಿಮೂಳೆಯೇ ಎದ್ದು, ಕೈ ಮೇಲೆ ಹೋಯಿತೆಂದು ನಂಬಿಸುವ ಚಾಳಿ ನಮ್ಮೆಲ್ಲರ ಮೈಗೂ ಇದೆಯಂತೆ. ಇನ್ನೊಂದು ಕೈ ಮೊಣಕೈಯನ್ನು ಹಿಡಿದು ನಿಧಾನವಾಗಿ ಎತ್ತುತ್ತದೆ. ಕಣ್ಣು ಭುಜದ ಮೇಲಿರುವುದಿಲ್ಲ, ನನ್ನ ಹುಬ್ಬಿನ ಮೇಲಿರುತ್ತದೆ. ಒಂದು ಜಾಗಕ್ಕೆ ಬಂದ ಕೂಡಲೇ ಕೈ ನಿಲ್ಲುತ್ತದೆ, ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ, ನಾನು ಉಸಿರು ಬಿಡುವವರೆಗೆ ಕಾಯುತ್ತದೆ, ಬಿಟ್ಟ ಉಸಿರಿನ ಬೆನ್ನಲ್ಲೇ ಮೊದಲಿಗಿಂತ ಚೂರು ಮುಂದೆ ಹೋಗಿರುತ್ತದೆ. ‘ಇಲ್ಲೇ ಅಲ್ವಾ?’ ಎಂದು ಆಕೆ ಕೇಳಿದ ಮೇಲೆಯೇ ನನಗೆ ಅಲ್ಲಿ ನೋವಿದೆ ಎಂದು ಗೊತ್ತಾಗುವುದು.

ಅವರ ಭಾಷೆಯಲ್ಲಿ ಇದಕ್ಕೆ ಎಂಡ್ ಫೀಲ್ ಎನ್ನುತ್ತಾರೆ. ಕೀಲನ್ನು ಅದರ ಕೊನೆಯವರೆಗೆ ಒಯ್ದಾಗ ಕೈಗೆ ಸಿಗುವ ತಡೆ ಯಾವ ಬಗೆಯದು ಎಂಬ ವಿಚಾರ. ಇಂಗ್ಲೆಂಡಿನ ಜೇಮ್ಸ್ ಸಿರಿಯಾಕ್ಸ್ ಎಂಬ ವೈದ್ಯ ಈ ತಡೆಗಳನ್ನು ಒಂದೊಂದಾಗಿ ವಿಂಗಡಿಸಿಟ್ಟ. ಮೊಣಕೈ ಪೂರ್ತಿ ಚಾಚಿದರೆ ಮೂಳೆಗೆ ಮೂಳೆ ತಗುಲಿ ಠಕ್ಕನೆ ನಿಲ್ಲುತ್ತದೆ. ಭುಜ ಹೊರಳಿಸಿದರೆ ಕೀಲಿನ ಚೀಲ ಬಿಗಿದು ತೊಗಲಿನ ಹಾಗೆ ಎಳೆಯುತ್ತದೆ. ಒಳಗೆ ಏನಾದರೂ ಸಿಕ್ಕಿಕೊಂಡಿದ್ದರೆ ಪುಟಿದು ವಾಪಸ್ಸು ಬರುತ್ತದೆ. ಇನ್ನೊಂದು ಬಗೆಯಿದೆ: ಕೈಗೆ ಯಾವ ತಡೆಯೂ ಸಿಗುವುದಿಲ್ಲ, ಇನ್ನೂ ದಾರಿ ಇದೆ ಅನ್ನಿಸುತ್ತದೆ, ಆದರೆ ರೋಗಿ ‘ಅಯ್ಯಯ್ಯೋ ಬಿಡಿ’ ಅನ್ನುತ್ತಾನೆ. ಅದು ಎಲ್ಲಕ್ಕಿಂತ ಕೆಟ್ಟದ್ದು, ಒಳಗೆ ಬೇರೇನೋ ಇರಬಹುದೆಂದು ಡಾಕ್ಟರ ಬಳಿಗೆ ವಾಪಸ್ಸು ಕಳಿಸಬೇಕು. ನಾನು ಅಯ್ಯಯ್ಯೋ ಎಂದಾಗಲೆಲ್ಲ ಆಕೆ ಒಂದು ಕ್ಷಣ ಗಂಭೀರಳಾಗಿ, ಆಮೇಲೆ ‘ಇಲ್ಲ, ಇದು ಸುಮ್ನೆ ಅಯ್ಯಯ್ಯೋ’ ಎಂದು ಮುಂದುವರಿಸುವುದರ ಹಿಂದೆ ಇಷ್ಟೆಲ್ಲ ಶಾಸ್ತ್ರವಿದೆ.

ರೋಬೋಟುಗಳ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಸೋದರಳಿಯನಿಗೆ ಇದನ್ನೆಲ್ಲ ವರ್ಣಿಸಿದೆ. ಅವನು ಫೋನಿನಿಂದ ತಲೆ ಎತ್ತದೆ, ‘ಇನ್ನು ಸ್ವಲ್ಪ ದಿನ ಮಾವ, ಅವರು ಅವರ ಮನೇಲಿ, ನೀವು ನಿಮ್ಮ ಮನೇಲಿ. ಮಧ್ಯೆ ಎರಡು ರೋಬೋ. ಅವರು ಅಲ್ಲಿ ಒತ್ತಿದರೆ ನಿಮಗಿಲ್ಲಿ ನೋವಾಗುತ್ತೆ’ ಎಂದ. ನೋವು ಮನೆಬಾಗಿಲಿಗೆ ಬರುವ ಕಾಲ! ಆಟೋದವರ ಜತೆ ಚೌಕಾಸಿ ಮಾಡಿ ನೋವಿದ್ದಲ್ಲಿಗೆ ನಾವೇ ಹೋಗಬೇಕಿಲ್ಲ.

ದೂರದಿಂದ ವಾಸಿ ಮಾಡುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಚೇಳು ಕಚ್ಚಿದರೆ ಇದ್ದಲ್ಲಿಂದಲೇ ಮಂತ್ರಿಸುವವರು ಇದ್ದರು. ಫೋನು ಬಂದ ಮೇಲೆ ಫೋನಿನಲ್ಲೂ ಮಂತ್ರಿಸಿದರು, ವಿಷಕ್ಕೆ ಎಸ್‌ಟಿಡಿ ದರ ಅಡ್ಡಬರಲಿಲ್ಲ. ಆದರೆ ಕೀಲು, ಮೂಳೆ, ನರದ ವಿಷಯಕ್ಕೆ ಬಂದರೆ ನಮ್ಮ ಹಿರಿಯರು ಮಂತ್ರದವರನ್ನು ನಂಬಲಿಲ್ಲ. ಕೈಯೇ ಬೇಕು ಎಂದರು. ಮೈಸೂರಿನ ಜಟ್ಟಿಗಳು ಗರಡಿಯಲ್ಲಿ ಕೀಲು ಮುರಿಯುವುದಕ್ಕೆ ಎಷ್ಟು ಹೆಸರಾಗಿದ್ದರೋ ಜಾರಿದ ಕೀಲು ಕೂಡಿಸುವುದಕ್ಕೂ ಅಷ್ಟೇ ಹೆಸರಾಗಿದ್ದರು. ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ ಒದೆಸಿಕೊಳ್ಳುತ್ತಿದ್ದರು. ನಮ್ಮೂರಿನಲ್ಲಿ ಅಂಥ ಒಬ್ಬ ಹುಡುಗನಿದ್ದ. ಊರಿನ ದೊಡ್ಡ ಮನುಷ್ಯರನ್ನೆಲ್ಲ ಕಾನೂನುಬದ್ಧವಾಗಿ ಒದೆಯುವ ಹಕ್ಕು ಅವನೊಬ್ಬನಿಗಿತ್ತು. ಇನ್ನು ಕೂಸಿಗೆ ಎರೆಯುವ ಅಜ್ಜಿಯರು. ಚಾಚಿದ ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು, ಎಣ್ಣೆ ಸುರಿದು, ಎಡಗೈಯನ್ನು ಬಲಗಾಲಿಗೆ ಬಲಗೈಯನ್ನು ಎಡಗಾಲಿಗೆ ಅಡ್ಡಡ್ಡ ತಾಗಿಸಿ, ಬೆನ್ನು ನೀವಿ ತಿರುವುತ್ತಿದ್ದ ರೀತಿ ನೋಡಿದರೆ ಇಂದಿನ ಯಾವ ಫಿಸಿಯೋಗೂ ಎದೆ ಝಲ್ಲೆಂದೀತು. ಮಗು ಮಾತ್ರ ಅತ್ತು ಮುಗಿಸಿ ಮಧ್ಯಾಹ್ನದವರೆಗೆ ನಿದ್ದೆ ಮಾಡುತ್ತಿತ್ತು.

ಈ ಕೈಗಳ ಕೆಲಸವನ್ನು ಯಂತ್ರಕ್ಕೆ ವಹಿಸಬೇಕೆಂದು ಮೊದಲು ಗಟ್ಟಿಯಾಗಿ ಹಟ ಹಿಡಿದವನು ಸ್ವೀಡನ್ನಿನ ವೈದ್ಯ ಗುಸ್ತಾವ್ ಸಾಂಡರ್. 1865ರಲ್ಲಿ ಸ್ಟಾಕ್‌ಹೋಮಿನಲ್ಲಿ ತನ್ನ ಸಂಸ್ಥೆ ತೆರೆದು, ಸನ್ನೆಗೋಲು, ಗಾಲಿ, ತೂಕದ ಗುಂಡುಗಳ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ. ಒಂದು ಯಂತ್ರ ಬೆನ್ನು ತಟ್ಟುತ್ತಿತ್ತು, ಒಂದು ಹೊಟ್ಟೆ ನಾದುತ್ತಿತ್ತು, ಒಂದು ಕುದುರೆಯೇ ಇಲ್ಲದ ಕುದುರೆ ಸವಾರಿ ಮಾಡಿಸುತ್ತಿತ್ತು. ಕೆಲವನ್ನು ಹಬೆಯ ಎಂಜಿನ್ನು ಓಡಿಸುತ್ತಿತ್ತು. ಹಳೆಯ ಫೋಟೋಗಳಲ್ಲಿ ಕೋಟು, ಟೈ, ಬೂಟು ಸಮೇತ ಈ ಯಂತ್ರಗಳಿಗೆ ಮೈಯೊಡ್ಡಿ ಕುಳಿತ ಗಡ್ಡದ ಮಹನೀಯರ ಮುಖ ನೋಡಬೇಕು. ನೋವಿದೆ ಎಂದು ಒಪ್ಪಿಕೊಂಡರೆ ಮಾನ ಹೋಗುತ್ತದೆ ಎಂಬ ಗಾಂಭೀರ್ಯ. ಇಂಥ ಯಂತ್ರಗಳ ವಂಶ ಟೈಟಾನಿಕ್ ಹಡಗಿನವರೆಗೆ ಹೋಯಿತು. ಅದರ ವ್ಯಾಯಾಮಶಾಲೆಯಲ್ಲಿ ಜರ್ಮನಿಯ ವೀಸ್‌ಬಾಡೆನ್‌ನಿಂದ ತರಿಸಿದ ವಿದ್ಯುತ್ ಕುದುರೆಯ ಜತೆಗೆ ವಿದ್ಯುತ್ ಒಂಟೆಯೂ ಇತ್ತು. ಅಟ್ಲಾಂಟಿಕ್ ಸಾಗರದ ನಡುವೆ ಒಂಟೆ ಸವಾರಿ ಮಾಡಬೇಕೆಂಬ ಆಸೆ ಯಾರಿಗಿತ್ತೋ. ಲೈಫ್ ಬೋಟು ಕಡಿಮೆಯಾಯಿತು, ಒಂಟೆಗೆ ಮಾತ್ರ ಕೊರತೆಯಾಗಲಿಲ್ಲ.

ಸಾಂಡರನ ಮೊಮ್ಮಗನಂಥ ಒಂದು ಯಂತ್ರ ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿದೆ. ನಮ್ಮತ್ತೆಗೆ ಮಂಡಿ ಬದಲಿಸಿದಾಗ ಹಾಸಿಗೆಯ ಮೇಲೆ ತಂದಿಟ್ಟಿದ್ದರು. ಕಾಲನ್ನು ತೊಟ್ಟಿಲಂಥ ಚೌಕಟ್ಟಿನಲ್ಲಿ ಮಲಗಿಸಿದರೆ ಅದು ತಾನೇ ಮಡಚುತ್ತದೆ, ತಾನೇ ಚಾಚುತ್ತದೆ, ದಣಿಯುವುದಿಲ್ಲ, ಮಾತಾಡುವುದಿಲ್ಲ. ಗಾಯಗೊಂಡ ಕೀಲನ್ನು ಅಲುಗಿಸದೆ ಕಟ್ಟಿಡಬೇಕು ಎಂಬ ಹಳೆಯ ಪಾಠವನ್ನು ಟೊರಾಂಟೋದ ರಾಬರ್ಟ್ ಸಾಲ್ಟರ್ 1970ರ ದಶಕದಲ್ಲಿ ಮೊಲಗಳ ಮೇಲೆ ಪರೀಕ್ಷಿಸಿ, ತಲೆಕೆಳಗು ಮಾಡಿ ಕಂಡುಕೊಂಡ ವಿದ್ಯೆ ಅದು. ಮಂಡಿ ಬದಲಿಸಿದವರಿಗೆ ಅದರಿಂದ ಆಗುವ ಲಾಭ ತೀರಾ ಅಲ್ಪ ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ಅತ್ತೆಗೆ ಮಾತ್ರ ಅದರ ಮೇಲೆ ಬಹಳ ಪ್ರೀತಿ. ಕಾಲು ಅದರ ಪಾಡಿಗೆ ವ್ಯಾಯಾಮ ಮಾಡುತ್ತಿದ್ದರೆ ಅತ್ತೆ ತಮ್ಮ ಪಾಡಿಗೆ ಧಾರಾವಾಹಿ ನೋಡುತ್ತಿದ್ದರು.

ಇಷ್ಟೂ ಯಂತ್ರಗಳು ತಮಗೆ ತೋಚಿದಂತೆ ಕುಣಿದವು. ದೂರದ ಮನುಷ್ಯನ ಕೈಯಾಗುವ ಯಂತ್ರದ ಕಥೆ ಬೇರೆ, ಮತ್ತು ಅದು ಶುರುವಾದದ್ದು ನಿಜವಾಗಿಯೂ ಕಥೆಯಲ್ಲಿ. 1942ರಲ್ಲಿ ಅಮೆರಿಕದ ರಾಬರ್ಟ್ ಹೈನ್‌ಲೈನ್ ‘ವಾಲ್ಡೋ’ ಎಂಬ ವೈಜ್ಞಾನಿಕ ಕತೆ ಬರೆದ. ಸ್ನಾಯುಗಳು ಸೋತು, ಒಂದು ಚಮಚ ಎತ್ತುವುದಕ್ಕೂ ತ್ರಾಣವಿಲ್ಲದ ಅದರ ನಾಯಕ ಯಾಂತ್ರಿಕ ಕೈಗಳನ್ನು ಮಾಡಿಕೊಂಡು, ತಾನು ಬೆರಳಾಡಿಸಿದಂತೆ ಅವು ಆಡುವ ಹಾಗೆ ಮಾಡುತ್ತಾನೆ. ಅವನ ಕಲ್ಪನೆಯಲ್ಲಿ ಈ ಕೈ ಹುಟ್ಟಿದ್ದು ಕಾಯಿಲೆಯವನಿಗಾಗಿ ಎಂಬುದು ನನಗೆ ಇಷ್ಟವಾದ ವಿಷಯ. ನಿಜಲೋಕದಲ್ಲಿ ಹುಟ್ಟಿದ್ದು ಅಷ್ಟು ಸಾತ್ವಿಕ ಕಾರಣಕ್ಕಲ್ಲ. ಶಿಕಾಗೋ ಬಳಿಯ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಸ್ 1940ರ ದಶಕದ ಕೊನೆಗೆ, ದಪ್ಪ ಗೋಡೆಯಾಚೆಗಿನ ವಿಕಿರಣದ ಪದಾರ್ಥಗಳನ್ನು ಎತ್ತಿಡಲು ಇಂಥ ಕೈ ಮಾಡಿದ. ಈಚೆಯ ಹಿಡಿಕೆಗೂ ಆಚೆಯ ಚಿಮಟಕ್ಕೂ ನಡುವೆ ಉಕ್ಕಿನ ಪಟ್ಟಿಗಳಿದ್ದವು. ಆಚೆ ಏನಾದರೂ ತಾಗಿದರೆ ಈಚೆಯ ಕೈಗೆ ಗೊತ್ತಾಗುತ್ತಿತ್ತು. 1954ರ ಹೊತ್ತಿಗೆ ಪಟ್ಟಿ ತೆಗೆದು ತಂತಿ, ಮೋಟಾರು ಹಾಕಿದ. ಆಗ ತಾಗಿದ್ದು ತಿಳಿಯುವ ಗುಣವನ್ನು ಬೇರೆಯಾಗಿ ಕೂತು ಕಟ್ಟಬೇಕಾಯಿತು. ಬಿಟ್ಟಿಯಾಗಿ ಸಿಗುತ್ತಿದ್ದುದಕ್ಕೆ ಬೆಲೆ ಕಟ್ಟುವುದು ಅಲ್ಲಿಂದ ಶುರು.

ಸರ್ಜನ್ನರು ಈ ಬೆಲೆ ಕೊಡದೆಯೇ ದೂರ ಹೋದರು. 2001ರ ಸೆಪ್ಟೆಂಬರ್ 7ರಂದು ಜಾಕ್ ಮಾರೆಸ್ಕೋ ನ್ಯೂಯಾರ್ಕಿನಲ್ಲಿ ಕೂತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮಲಗಿದ್ದ ಹೆಂಗಸಿನ ಪಿತ್ತಕೋಶ ತೆಗೆದರು. ಕೈ ಆಡಿಸಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ಸುಮಾರು 155 ಮಿಲಿಸೆಕೆಂಡು, ಅಂದರೆ ರೆಪ್ಪೆ ಬಡಿಯುವಷ್ಟು ಹೊತ್ತು. ಆ ರೋಬೋಟಿನ ಹಿಡಿಕೆಯಲ್ಲಿ ತಾಕಿದ ಅನುಭವವೇ ಇರಲಿಲ್ಲ, ಕಣ್ಣಿಂದಲೇ ಕೆಲಸ. ಸರ್ಜನ್ನರಿಗೆ ಒಂದು ಅನುಕೂಲವಿದೆ, ರೋಗಿಗೆ ಮತ್ತು ಬಂದಿರುತ್ತದೆ. ಎಚ್ಚರವಾಗಿದ್ದು, ಬಿಗಿ ಹಿಡಿದು, ಹುಬ್ಬು ಗಂಟಿಕ್ಕಿ, ಮೊನ್ನೆಯ ಮದುವೆಯ ಊಟದ ಬಗ್ಗೆ ಮಾತಾಡುವ ಭುಜವನ್ನು ಕಣ್ಣಿಂದ ಮಾತ್ರ ಎತ್ತಲಾಗದು.

ಹಾಗಾಗಿ ಮುಟ್ಟುವುದನ್ನೇ ತಂತಿಯಲ್ಲಿ ಕಳಿಸಬೇಕಾಯಿತು. ಎಂಐಟಿಯಲ್ಲಿ 1990ರ ದಶಕದ ಮೊದಲಲ್ಲಿ ಥಾಮಸ್ ಮ್ಯಾಸೀ ಎಂಬ ವಿದ್ಯಾರ್ಥಿ ಗುರು ಕೆನೆತ್ ಸಾಲಿಸ್ಬರಿಯವರ ಜತೆ ಫ್ಯಾಂಟಮ್ ಎಂಬ ಸಾಧನ ಮಾಡಿದ. ಪುಟ್ಟ ತೋಳಿನ ತುದಿಯಲ್ಲಿ ಪೆನ್ನಿನಂಥದ್ದು. ಕಂಪ್ಯೂಟರಿನೊಳಗಿನ ವಸ್ತುವಿಗೆ ಅದನ್ನು ತಾಗಿಸಿದರೆ ಗಟ್ಟಿ, ಮೆತ್ತಗೆ, ಒರಟು ಎಲ್ಲ ಕೈಗೆ ತಿಳಿಯುತ್ತದೆ. ಇಲ್ಲದ್ದನ್ನು ಇದೆ ಎಂದು ಮುಟ್ಟಿಸಿ ತೋರಿಸುವ ಈ ವಿದ್ಯೆ ಕಂಡುಹಿಡಿದವನು 2012ರಲ್ಲಿ ಕೆಂಟಕಿಯಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಬಂದ. ಇದಕ್ಕೆ ಟಿಪ್ಪಣಿ ಬೇಕಿಲ್ಲ. ಎಂಐಟಿಯ ಸ್ಪರ್ಶ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದವರು ಮಂಡಯಂ ಶ್ರೀನಿವಾಸನ್. ನಮ್ಮ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಹೋದವರು. ಮಂಡಯಂ ಎಂದ ಕೂಡಲೇ ಮೇಲುಕೋಟೆಯ ಪುಳಿಯೋಗರೆ ನೆನಪಾಗುವ ನನ್ನಂಥವನಿಗೆ ಸ್ಪರ್ಶವಿಜ್ಞಾನವೂ ನೆನಪಾಗಬೇಕೆಂದು ಈಗ ಗೊತ್ತಾಗಿದೆ. 2002ರ ಅಕ್ಟೋಬರಿನಲ್ಲಿ ಅವರ ತಂಡ ಮತ್ತು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಸೇರಿ ಸಾಗರದ ಆಚೆ ಒಬ್ಬರು, ಈಚೆ ಒಬ್ಬರು, ಕಂಪ್ಯೂಟರಿನೊಳಗಿನ ಒಂದು ಪೆಟ್ಟಿಗೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿದು ಎತ್ತಿದರು. ಒಬ್ಬರು ನೂಕಿದರೆ ಇನ್ನೊಬ್ಬರ ಕೈಗೆ ತಿಳಿಯುತ್ತಿತ್ತು. ತೂಕವಿಲ್ಲದ ಪೆಟ್ಟಿಗೆಯನ್ನು ಎತ್ತಲು ಎರಡು ಖಂಡಗಳು ಬೆವರಿದವು.

ಬೆವರುವುದಕ್ಕೆ ಕಾರಣ ಪೆಟ್ಟಿಗೆಯಲ್ಲ, ತಡ. ಮೆಟ್ಟಿಲಲ್ಲಿ ಇಬ್ಬರು ಗೋದ್ರೇಜ್ ಬೀರು ಇಳಿಸುತ್ತಿದ್ದಾರೆ ಅಂದುಕೊಳ್ಳಿ. ಕೆಳಗಿನವನು ‘ತಡಿ’ ಅಂದದ್ದು ಮೇಲಿನವನಿಗೆ ಕೇಳಿಸುವಷ್ಟರಲ್ಲಿ ಅವನು ಇನ್ನೊಂದು ಮೆಟ್ಟಿಲು ಇಳಿಸಿಯಾಗಿದೆ. ಕೆಳಗಿನವನು ಗಾಬರಿಯಿಂದ ಮೇಲಕ್ಕೆ ನೂಕುತ್ತಾನೆ. ಆ ನೂಕು ತಡವಾಗಿ ಮುಟ್ಟಿದಾಗ ಮೇಲಿನವನು ತಾನೂ ಗಾಬರಿಯಾಗಿ ಎಳೆಯುತ್ತಾನೆ. ಇಬ್ಬರೂ ಒಳ್ಳೆಯವರೇ, ಇಬ್ಬರ ಉದ್ದೇಶವೂ ಒಂದೇ, ಆದರೆ ಬೀರು ಹುಚ್ಚು ಹಿಡಿದಂತೆ ಅಲುಗತೊಡಗುತ್ತದೆ. ದೂರದ ರೋಬೋಟಿನದ್ದೂ ಇದೇ ಪಾಡು. ಗಟ್ಟಿ ವಸ್ತು ಗಟ್ಟಿಯಾಗಿಯೇ ತಾಗಬೇಕಾದರೆ ಕೈಗೂ ಯಂತ್ರಕ್ಕೂ ಸೆಕೆಂಡಿಗೆ ಸಾವಿರ ಸಲ ಮಾತುಕತೆ ನಡೆಯಬೇಕು. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾ ಸುಮಾರು 14,000 ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ 2 ಲಕ್ಷ ಕಿಲೋಮೀಟರು ಓಡಿದರೂ ಹೋಗಿ ಬರಲು 140 ಮಿಲಿಸೆಕೆಂಡು ಬೇಕೇ ಬೇಕು. ಅದೂ ಕೇಬಲ್ಲು ನೆಟ್ಟಗೆ ಹಾಕಿದ್ದರೆ. ಇದನ್ನು ಯಾವ ಕಸ್ಟಮರ್ ಕೇರಿಗೆ ದೂರು ಕೊಟ್ಟರೂ ಸರಿಹೋಗದು, ಐನ್‌ಸ್ಟೈನ್ ಬಿಟ್ಟುಕೊಡುವುದಿಲ್ಲ.

ಎಂಜಿನಿಯರುಗಳು ಇದಕ್ಕೂ ಉಪಾಯ ಕಂಡರು. 1989ರಲ್ಲಿ ಆಂಡರ್ಸನ್ ಮತ್ತು ಸ್ಪಾಂಗ್, 1991ರಲ್ಲಿ ನೀಮಾಯರ್ ಮತ್ತು ಸ್ಲೋಟೀನ್ ಬೇರೆ ಬೇರೆ ದಾರಿಯಲ್ಲಿ ಹೇಳಿದ್ದು ಒಂದೇ: ನಡುವಿನ ತಂತಿ ತನಗೆ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಆಚೆಗೆ ಕೊಡದಂತೆ ನೋಡಿಕೊಳ್ಳಿ, ಆಗ ಅಲುಗಾಟ ನಿಲ್ಲುತ್ತದೆ. ನಿಲ್ಲುತ್ತದೆ, ನಿಜ. ಆದರೆ ತಡ ಹೆಚ್ಚಾದಷ್ಟೂ ಎಲ್ಲವೂ ಮೆತ್ತಗಾಗುತ್ತದೆ. ಠಕ್ಕನೆ ನಿಲ್ಲಬೇಕಾದ್ದು ಮೆಲ್ಲಗೆ ನಿಲ್ಲುತ್ತದೆ, ತೊಗಲಿನ ಎಳೆತಕ್ಕೂ ಮೂಳೆಯ ತಡೆಗೂ ವ್ಯತ್ಯಾಸ ಮಸುಕಾಗುತ್ತದೆ. ಸಿರಿಯಾಕ್ಸ್ ಜನ್ಮ ಪೂರ್ತಿ ವಿಂಗಡಿಸಿದ್ದನ್ನು ಸಮುದ್ರದೊಳಗಿನ ಕೇಬಲ್ಲು ಮತ್ತೆ ಒಂದು ಮಾಡುತ್ತದೆ. ನಮ್ಮ ಫಿಸಿಯೋ ಏನನ್ನು ಹುಡುಕಿ ನನ್ನ ಭುಜ ಎತ್ತುತ್ತಾಳೋ ಅದೇ ದಾರಿಯಲ್ಲಿ ಕಳೆದುಹೋಗುತ್ತದೆ. ಇದನ್ನು ಸೋದರಳಿಯನಿಗೆ ಹೇಳಿದೆ. ‘ಊರೊಳಗೆ ಆದರೆ ತಡ ಇರಲ್ಲ ಮಾವ’ ಎಂದ. ಊರೊಳಗೇ ಆದರೆ ಆಟೋ ಇದೆಯಲ್ಲ ಮಾರಾಯ.

ನಾನು ಇಷ್ಟು ಹೊತ್ತು ಭುಜದ ವಿಷಯ ಎಳೆದಾಡುತ್ತಿದ್ದರೂ ದೂರದ ಕೈ ನಿಜವಾಗಿ ಬೇಕಾದದ್ದು ನನ್ನಂಥವರಿಗಲ್ಲ, ನಮ್ಮ ಚಿಕ್ಕಪ್ಪನಂಥವರಿಗೆ. ತೀರ್ಥಹಳ್ಳಿಯಿಂದ ಒಳಗೆ, ಬಸ್ಸಿಳಿದು ಇನ್ನೂ ಜೀಪಿನಲ್ಲಿ ಹೋಗಬೇಕಾದ ತೋಟದ ಮನೆ. ಸ್ಟ್ರೋಕ್ ಆಗಿ ಬಲಗೈ ಸೋತಿತು. ಪೇಟೆಯಿಂದ ವಾರಕ್ಕೆರಡು ಸಲ ಒಬ್ಬ ಹುಡುಗ ಬಂದು ವ್ಯಾಯಾಮ ಮಾಡಿಸುತ್ತಿದ್ದ, ಆಷಾಢದ ಮಳೆ ಹಿಡಿದರೆ ಅದೂ ಇಲ್ಲ. ಬಂದ ದಿನವೂ ಚಿಕ್ಕಪ್ಪನ ರಾಜತಂತ್ರ ಬೇರೆ. ಮೊದಲು ಕಾಫಿ. ಆಮೇಲೆ ಅಡಕೆ ಧಾರಣೆ. ಆಮೇಲೆ ಹುಡುಗನ ಊರು, ಮನೆ, ಜಾತಕ. ಒಂದು ಗಂಟೆಯ ಪಾಠದಲ್ಲಿ ಕೈ ಏಳುವುದು ಲೆಕ್ಕಕ್ಕೆ ಸಿಗುವಷ್ಟು ಸಲ. ಹುಡುಗ ಹೋದ ಮೇಲೆ ಚಿಕ್ಕಮ್ಮನ ಪಾಳಿ. ಒಲೆಯ ಮುಂದೆ ನಿಂತು ‘ಹತ್ತಾಯ್ತಾ?’ ಎಂದು ಕೂಗುತ್ತಿದ್ದರು. ಚಿಕ್ಕಪ್ಪ ಪೇಪರಿನ ಹಿಂದಿನಿಂದ ‘ಹನ್ನೆರಡಾಯ್ತು’ ಎನ್ನುತ್ತಿದ್ದರು. ಎಣಿಕೆ ಇಲ್ಲಿ ಉಲ್ಟಾ.

ಇದು ನಮ್ಮ ಚಿಕ್ಕಪ್ಪನೊಬ್ಬರ ಕಥೆಯಲ್ಲ ಎಂದು ತಿಳಿದದ್ದು ಆಮೇಲೆ. ಉತ್ತರ ಅಮೆರಿಕದ ಆಸ್ಪತ್ರೆಗಳಲ್ಲಿ ಸ್ಟ್ರೋಕ್ ಆದವರಿಗೆ ಮಾಡಿಸುವ ಪಾಠವನ್ನು ಕೂತು ಎಣಿಸಿದ ಅಧ್ಯಯನವೊಂದು 2009ರಲ್ಲಿ ಬಂತು. ಕೈಯಿಂದ ಏನಾದರೂ ಕೆಲಸ ಮಾಡಿಸುವ ಅಭ್ಯಾಸ ಒಂದು ಹೊತ್ತಿಗೆ ಸರಾಸರಿ 32 ಸಲ. ಮಿದುಳು ಹೊಸ ದಾರಿ ಮಾಡಿಕೊಳ್ಳಲು ಪ್ರಾಣಿಗಳಿಗೆ ದಿನಕ್ಕೆ ನೂರಾರು ಸಲ ಬೇಕು. ರೋಬೋಟು ಇಲ್ಲಿ ಗೆಲ್ಲಬೇಕು ತಾನೇ? ಅದಕ್ಕೆ ಕಾಫಿ ಬೇಡ, ಧಾರಣೆ ಬೇಡ. ಎಂಐಟಿಯಲ್ಲಿ ನೆವಿಲ್ ಹೋಗನ್ ಮತ್ತು ಹರ್ಮಾನೋ ಕ್ರೆಬ್ಸ್ 1989ರಿಂದ ಕಟ್ಟಿದ ಎಂಐಟಿ-ಮಾನುಸ್ ಎಂಬ ಯಂತ್ರ ರೋಗಿಯ ಕೈ ಹಿಡಿದು ಒಂದೇ ಹೊತ್ತಿನಲ್ಲಿ ಸಾವಿರ ಸಲ ಆಡಿಸಬಲ್ಲದು. 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದನ್ನು 127 ಮಂದಿ ಮಾಜಿ ಸೈನಿಕರ ಮೇಲೆ ನೋಡಿದ್ದರು. ಮಾಮೂಲು ಚಿಕಿತ್ಸೆಗಿಂತ 12 ವಾರಕ್ಕೆ ಹೆಚ್ಚೇನೂ ಕಾಣಲಿಲ್ಲ, 36 ವಾರಕ್ಕೆ ಕೊಂಚ ಮೇಲು ಎಂದು ಕಂಡಿತು. ಆದರೆ ಮನುಷ್ಯನೇ ಅಷ್ಟು ಬಿಗಿಯಾಗಿ ಮಾಡಿಸಿದಾಗ ಯಂತ್ರಕ್ಕೂ ಮನುಷ್ಯನಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. 2019ರಲ್ಲಿ ಬ್ರಿಟನ್ನಿನ 770 ಮಂದಿಯ ದೊಡ್ಡ ಪರೀಕ್ಷೆಯಲ್ಲಿ ಈ ರೋಬೋಟು ಮಾಮೂಲು ಚಿಕಿತ್ಸೆಗಿಂತ ಕೈಯ ಕೆಲಸವನ್ನು ಹೆಚ್ಚೇನೂ ಸುಧಾರಿಸಲಿಲ್ಲ.

ಯಾಕೆ ಹೀಗೆ ಎಂಬುದಕ್ಕೆ ಹತ್ತು ಕಾರಣ ಇರಬಹುದು. ಅವುಗಳಲ್ಲಿ ನನಗೆ ಬಲು ಖುಷಿ ಕೊಟ್ಟ ಒಂದನ್ನು ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದ ಡೇವಿಡ್ ರೈನ್‌ಕೆನ್ಸ್‌ಮೇಯರ್ ಮತ್ತವರ ಗೆಳೆಯರು ಕಂಡುಕೊಂಡರು. ರೋಬೋಟು ನೆರವಿಗೆ ಬಂತೆಂದರೆ ರೋಗಿಯ ಮೈ ತಾನು ಮಾಡುವ ಕೆಲಸವನ್ನು ಮೆಲ್ಲಗೆ ಕಡಿಮೆ ಮಾಡುತ್ತದೆ. ಬೇಕೆಂದು ಅಲ್ಲ. ರೋಗಿಗೆ ಅದು ಗೊತ್ತೇ ಆಗುವುದಿಲ್ಲ. ಕೈ ಸರಿಯಾದ ಜಾಗಕ್ಕೆ ಹೋಗುತ್ತಿದೆಯಲ್ಲ, ಇನ್ನು ನಾನೇಕೆ ಶ್ರಮ ಪಡಲಿ ಎಂದು ನರಮಂಡಲವೇ ಒಳಗೊಳಗೆ ತೀರ್ಮಾನಿಸುತ್ತದೆ. ರೋಗಿ ಸಡಿಲ ಬಿಟ್ಟಷ್ಟೂ ಒಳ್ಳೆಯ ಯಂತ್ರ ಇನ್ನಷ್ಟು ನೆರವಾಗುತ್ತದೆ, ನೆರವಾದಷ್ಟೂ ಮೈ ಇನ್ನಷ್ಟು ಸಡಿಲ ಬಿಡುತ್ತದೆ. ಕೊನೆಗೆ ಕೈ ಪೂರ್ತಿ ಯಂತ್ರದ್ದು. ವಿಜ್ಞಾನಿಗಳಿಗೆ ಇದು ಹೊಸದಾಗಿ ಕಂಡದ್ದಿರಬಹುದು. ಒಬ್ಬನೇ ಮಗನಿಗೆ ಊಟ ಕಲೆಸಿಕೊಟ್ಟು ಬೆಳೆಸಿದ ಯಾವ ತಾಯಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

ಅವರು ಮಾಡಿದ ಪರಿಹಾರ ಇನ್ನೂ ಚೆಂದ. ಯಂತ್ರಕ್ಕೆ ಮರೆವು ಕೊಟ್ಟರು. ಅದರ ಲೆಕ್ಕಾಚಾರದಲ್ಲಿ ಒಂದು ಸಣ್ಣ ಪದ ಸೇರಿಸಿದರು: ಕೈ ದಾರಿ ತಪ್ಪದೆ ಹೋಗುತ್ತಿದ್ದರೆ, ನೀನು ಎಷ್ಟು ನೆರವು ಕೊಡುತ್ತಿದ್ದೆ ಎಂಬುದನ್ನು ಚೂರುಚೂರೇ ಮರೆಯುತ್ತ ಹೋಗು. ರೋಗಿ ಸುಮ್ಮನಿದ್ದರೆ ಕೈ ಇಳಿಯುತ್ತದೆ, ಇಳಿದಾಗ ಅವನೇ ಎತ್ತಬೇಕಾಗುತ್ತದೆ. ಕಂಪ್ಯೂಟರು ಎಂದರೆ ಏನನ್ನೂ ಮರೆಯದ್ದು ಎಂದು ನಂಬಿ ನಾವು ಅದಕ್ಕೆ ಸಂಬಳ, ಸಾಲ, ಪಾಸ್‌ವರ್ಡು ಎಲ್ಲ ಒಪ್ಪಿಸಿದ್ದೇವೆ. ಅಂಥದಕ್ಕೆ ಕೂತು ಮರೆವು ಕಲಿಸಿದರಲ್ಲ! ನಮ್ಮ ಫಿಸಿಯೋ ಮಗನ ಕೆಲಸದ ಬಗ್ಗೆ ಕೇಳಿದ ಹೊತ್ತಿಗೇ ಮೊಣಕೈ ಕೆಳಗಿನ ಆಕೆಯ ಅಂಗೈ ಮೆಲ್ಲಗೆ ಹಗುರವಾಗಿರುತ್ತದೆ ಎಂಬುದನ್ನು ಇದನ್ನೋದಿದ ಮೇಲೆ ಗಮನಿಸಿದೆ. ನನ್ನ ಕೈಯನ್ನು ನಾನೇ ಹೊತ್ತುಕೊಂಡಿರುತ್ತೇನೆ, ಆಕೆ ಹಿಡಿದಿದ್ದಾಳೆಂಬ ಭ್ರಮೆಯಲ್ಲಿ.

ಇದನ್ನು ಯೋಚಿಸಿದರೆ ದೂರದ ಕೈಯ ತಂಟೆ ಅರ್ಧ ಕಡಿಮೆಯಾಗುತ್ತದೆ ಎಂದು ನನಗೆ ತೋರುತ್ತದೆ. ಸೆಕೆಂಡಿಗೆ ಸಾವಿರ ಸಲ ಆಗಬೇಕಾದ ಹಿಡಿ-ಬಿಡಿ ವ್ಯವಹಾರವನ್ನು ರೋಗಿಯ ಮೇಜಿನ ಮೇಲಿರುವ ಯಂತ್ರವೇ ನೋಡಿಕೊಳ್ಳಲಿ. ಅಲ್ಲಿ ತಡವಿಲ್ಲ, ಅಲುಗಾಟವಿಲ್ಲ. ಇವತ್ತು ಎಷ್ಟು ನೆರವು, ನಾಳೆ ಎಷ್ಟು ಕಡಿಮೆ, ಯಾವ ಅಯ್ಯಯ್ಯೋ ಸುಮ್ಮನೆ, ಯಾವುದು ನಿಜ ಎಂಬುದನ್ನು ದೂರದಲ್ಲಿ ಕೂತ ಫಿಸಿಯೋ ಹೇಳಲಿ. ಅದು ಅರ್ಧ ಸೆಕೆಂಡು ತಡವಾದರೂ, ಅರ್ಧ ದಿನ ತಡವಾದರೂ ನಡೆಯುತ್ತದೆ. ಕೈಯನ್ನೇ ಕಳಿಸುವ ಹಟ ಬಿಟ್ಟು, ಕೈ ಯಾವಾಗ ಹಿಂದೆಗೆಯಬೇಕೆಂಬ ತಿಳಿವಳಿಕೆ ಕಳಿಸಿದರೆ ಸಾಕು. ರೈನ್‌ಕೆನ್ಸ್‌ಮೇಯರ್ ಈ ಶತಮಾನ ಹುಟ್ಟುವ ಹೊತ್ತಿಗೇ ‘ಜಾವಾ ಥೆರಪಿ’ ಎಂದು ಶುರುಮಾಡಿದ್ದು ಇಂಥದ್ದನ್ನೇ. ಮಕ್ಕಳು ವಿಡಿಯೋ ಗೇಮಿಗೆ ಬಳಸುವ, ಕೈಗೆ ಒದೆ ಕೊಡುವ ಜಾಯ್‌ಸ್ಟಿಕ್ಕನ್ನು ರೋಗಿಯ ಮನೆಯಲ್ಲಿಟ್ಟು, ಇಂಟರ್ನೆಟ್ಟಿನ ಮೂಲಕ ವ್ಯಾಯಾಮ ಕಳಿಸಿ, ಫಲಿತಾಂಶ ತರಿಸಿಕೊಳ್ಳುವುದು. ನಮ್ಮ ಹತ್ತಿರದಲ್ಲೇ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಐಐಟಿ ಮದ್ರಾಸಿನವರು ಸೇರಿ ಪ್ಲೂಟೋ ಎಂಬ ಪುಟ್ಟ ರೋಬೋಟು ಮಾಡಿದ್ದಾರೆ. ಒಂದೇ ಒಂದು ಮೋಟಾರು. ಮಣಿಕಟ್ಟಿಗೊಂದು, ಮುಂಗೈ ತಿರುವಲೊಂದು, ಮುಷ್ಟಿ ಬಿಚ್ಚಲೊಂದು ಹಿಡಿಕೆ ಬದಲಿಸಿ ಸಿಕ್ಕಿಸಿದರಾಯಿತು. ಮೇಜಿನ ಮೂಲೆಯಲ್ಲಿ ಕೂರುವಷ್ಟು ದೊಡ್ಡದು. ಸಾಂಡರನ ಹಬೆ ಎಂಜಿನ್ನಿನಿಂದ ಅಲ್ಲಿಗೆ ಬರಲು ಒಂದೂವರೆ ಶತಮಾನ ಹಿಡಿಯಿತು.

ಚಿಕ್ಕಪ್ಪನ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಇಂಥ ಯಂತ್ರಗಳ ವಿಚಾರವನ್ನೆಲ್ಲ ಓದಿಕೊಂಡು, ಒಂದನ್ನು ಅಪ್ಪನಿಗೆ ತರಿಸುವುದು, ಶಿವಮೊಗ್ಗದ ಫಿಸಿಯೋ ಅಲ್ಲಿಂದಲೇ ಅದರ ಹದ ಹೇಳುವುದು, ತಾನು ವಿಡಿಯೋದಲ್ಲಿ ಕೂತು ಎಣಿಸುವುದು ಎಂದು ಏರ್ಪಾಟು ಹಾಕಿದ್ದಾಳೆ. ಅಪ್ಪನ ಬಾಯಿಂದ ಎಣಿಕೆ ಕಸಿಯುವುದೇ ಅವಳ ಮುಖ್ಯ ಉದ್ದೇಶವೆಂದು ನನ್ನ ಗುಮಾನಿ. ಹೋದ ಸಲ ಹೋದಾಗ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು ವಿಚಾರಣೆ ಮಾಡಿದರು. ಕರೆಂಟು ಹೋದರೆ ಕೈ ಎತ್ತಿದಲ್ಲೇ ನಿಲ್ಲುತ್ತದೋ? ಇಲ್ಲ, ಸಡಿಲವಾಗುತ್ತದೆ. ಸಾಕೆನಿಸಿದರೆ? ಒಳ್ಳೆಯ ಕೈಯ ಪಕ್ಕ ಒಂದು ಕೆಂಪು ಗುಂಡಿ ಇರುತ್ತದೆ, ಒತ್ತಿದರೆ ಯಂತ್ರ ನಿಲ್ಲುತ್ತದೆ. ‘ಎಷ್ಟು ಸಲ ಬೇಕಾದ್ರೂ ಒತ್ತಬಹುದಾ?’ ಒತ್ತಬಹುದು, ಆದರೆ ಒತ್ತಿದ್ದು ಶಿವಮೊಗ್ಗದಲ್ಲಿ ಗೊತ್ತಾಗುತ್ತದೆ. ಇಲ್ಲಿ ಅವರ ಮುಖ ಸ್ವಲ್ಪ ಬಾಡಿತು. ಧಾರಣೆ ಬಗ್ಗೆ ಅದರ ಜತೆ ಮಾತಾಡಲಾಗದು ಎಂಬುದೂ ಅವರಿಗೆ ಬೇಸರದ ವಿಷಯವೇ.

ಸಂಜೆ ಮಗಳ ಫೋನು ಬಂದಾಗ ಮಾತ್ರ ಧಾರಾಳವಾಗಿ ಒಪ್ಪಿಕೊಂಡರು. ಯಂತ್ರ ಬರಲಿ, ದಿನಾ ಮಾಡುತ್ತೇನೆ, ನೀನೇ ಎಣಿಸು. ಬೆಳಿಗ್ಗೆ ಪೂಜೆ, ಪೇಪರು. ಸಂಜೆ ಜನ ಬರುತ್ತಾರೆ. ಆದ್ದರಿಂದ ತನಗೆ ಅನುಕೂಲವಾಗುವುದು ಮಧ್ಯಾಹ್ನ ಮೂರು ಗಂಟೆಗೆ ಮಾತ್ರ ಎಂದರು. ಅದು ಅವಳಿಗೆ ನಡುರಾತ್ರಿ ಕಳೆದು ಒಂದೂವರೆಯೋ ಎರಡೂವರೆಯೋ. ‘ಆದ್ರೆ ನಿನ್ನ ನಿದ್ದೆ ಕೆಡಬಾರ್ದು ಮಗ,’ ಎಂದು ಸೇರಿಸಿದರು, ‘ನೀನು ಮಲಕ್ಕೋ. ಎಷ್ಟಾಯ್ತು ಅಂತ ನಾನೇ ಆಮೇಲೆ ಹೇಳ್ತೀನಿ.’